ಕಿರುಗುಡುವ ಕಾರಿಗೆ ಹರಳೆಣ್ಣೆ

ಅಕ್ಷರ ಸೊಟ್ಟಗಿವೆ, ಮಾತುಗಳೂ ಹೆಚ್ಚು ಗೊತ್ತಿಲ್ಲ. ಓದುವವರು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು. ಬರೆಯುತ್ತಿರುವುದು ಮಿರಜಿನ ಹತ್ತಿರದ ನಮ್ಮೂರು ಖಂಡೇರಾಜುರಿಯ ಡ್ರೈವರ್ ಶಿವಾಜಿಯ ವಿಷಯ.

ಶಿವಾಜಿ ಹುಟ್ಟಿದ್ದು ಕುರಿ ಸಾಕುವ ಮನೆಯಲ್ಲಿ. ಆದರೆ ಕುರಿಯ ವಾಸನೆ ತನಗೆ ಆಗಿಬರುವುದಿಲ್ಲ ಎನ್ನುತ್ತಿದ್ದ. ಹಳೆಯ ಕಾರೊಂದನ್ನು ತಂದು, ಊರಿನ ರೋಗಿಗಳನ್ನು ಮಿರಜಿನ ಆಸ್ಪತ್ರೆಗಳಿಗೆ ಮುಟ್ಟಿಸುವ ಕೆಲಸ ಹಿಡಿದ. ಅಂದಿನಿಂದ ಮನೆಯೊಳಗೂ ಕಪ್ಪು ಕನ್ನಡಕ ತೆಗೆಯಲಿಲ್ಲ. ದಿನಾ ಕಾರು ತೊಳೆಯುವವಳು ಹೆಂಡತಿ ರೂಪಾಲಿ; ಒರೆಸಿದ ಬಾನೆಟ್ಟಿಗೆ ಒರಗಿ ನಿಲ್ಲುವವನು ಅವನು.

ಮಳೆಗಾಲದ ಮುಂಜಾನೆ ಬ್ರೇಕು ಒಂದೆರಡು ಸಲ ಕಿರುಗುಟ್ಟಿ ಸುಮ್ಮನಾಗುತ್ತಿತ್ತು. ಅದು ತೇವದ ಸದ್ದು, ಹೆದರಬೇಕಾಗಿಲ್ಲ. ಈ ಸಲ ಬಿಸಿಲೇರಿದ ಮೇಲೂ, ಒತ್ತಿದಾಗಲೆಲ್ಲ ಕೀರಲು ದನಿ ಬರತೊಡಗಿತು. ಬ್ರೇಕಿನ ಪ್ಯಾಡು ಸವೆದಿದೆ, ಈಗಲೇ ಬದಲಿಸಿ ಎಂದ ಕುಪವಾಡದ ಗ್ಯಾರೇಜಿನ ಮಿಸ್ತ್ರಿ. ಮುಂದೆ ಗರಗರ ಸದ್ದು ಬಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದು ತಿಳಿಯಬೇಕು, ಆಗ ಗಾಡಿ ಹೊರಗೆ ತೆಗೆಯಲೇಬಾರದು ಎಂದೂ ಹೇಳಿದ. ಶಿವಾಜಿ ಎಲ್ಲ ಬಲ್ಲವನಂತೆ ತಲೆಯಾಡಿಸಿ ಬಂದು, ಕಾರಿನ ಹಾಡು ಜೋರು ಮಾಡಿದ. ಅವನು ಮಾಡಿದ ರಿಪೇರಿ ಅಷ್ಟೇ. ರೋಗಿಗಳು ಕಿವಿ ಮುಚ್ಚಿಕೊಂಡು ಆಸ್ಪತ್ರೆಯ ಮುಂದೆ ಇಳಿಯುತ್ತಿದ್ದರು.

ಮೊನ್ನೆ ಗರಗರವೂ ಶುರುವಾಯಿತು. ಅದು ಹಾಡಿಗೆ ಬಗ್ಗಲಿಲ್ಲ. ನಾಳೆಯೋ ತಾಯಿ ದುಂಡವ್ವನ ಕಣ್ಣಿನ ಆಪರೇಶನ್. ಮಗನ ಕಾರಿನಲ್ಲೇ, ಮುಂದಿನ ಸೀಟಿನಲ್ಲೇ ಕೂತು ಹೋಗುತ್ತೇನೆಂದು ಮುದುಕಿಯ ಹಟ. ರೂಪಾಲಿಗೆ ನಿನ್ನೆ ರಾತ್ರಿಯೆಲ್ಲ ಕಣ್ಣು ಮುಚ್ಚಲಾಗಲಿಲ್ಲ.

ಇಂದು ಶಿವಾಜಿಗೆ ಅಪ್ಪ ಜ್ಯೋತೆಪ್ಪನ ಎತ್ತಿನ ಗಾಡಿ ನೆನಪಾಯಿತು. ಅಚ್ಚು ಕಿರುಗುಟ್ಟಿದರೆ ಅಪ್ಪ ಹರಳೆಣ್ಣೆ ಬಿಡುತ್ತಿದ್ದ. ಡ್ರೈವರ್ ಸಾಹೇಬರು ಅದೇ ಎಣ್ಣೆಯನ್ನು ತಂದು, ಮುಂದಿನ ಎರಡೂ ಚಕ್ರಗಳ ತೂತುಗಳೊಳಗೆ, ಬ್ರೇಕಿನ ಮೇಲೆಯೇ, ಧಾರಾಳವಾಗಿ ಸುರಿದರು. ಅಂಗಳದಲ್ಲಿ ಮೆಲ್ಲಗೆ ಹಿಂದೆ ಮುಂದೆ ಮಾಡಿದರೆ ಸದ್ದೇ ಇಲ್ಲ.

“ಕೇಳಿದೇನು? ಮಿಸ್ತ್ರಿಗೆ ಗೊತ್ತಿಲ್ಲದ ಇಲಾಜು,” ಎಂದ.

“ಸದ್ದು ನಿಂತೈತಿ. ಗಾಡಿ ನಿಲ್ತೈತೇನ್ರಿ?” ಎಂದು ಕೇಳಿದಳು ರೂಪಾಲಿ.

“ಅರ್ಧಕ್ಕ ಸಾಲಿ ಬಿಟ್ಟಾಕಿ ನೀ. ನನಗ ಕಲಸ್ತಿ?”

“ಹಂಗಾರ ಅತ್ತಿ ಕುಂದ್ರೂಕಿಂತ ಮೊದಲ ಒಮ್ಮೆ ಜೋರ್ ಬಿಟ್ಟು ನಿಲ್ಲಿಸಿ ತೋರಸ್ರಿ.”

ಶಿವಾಜಿ ಕಾರನ್ನು ಹೊಲದ ದಾರಿಗೆ ಒಯ್ದು, ಅಲ್ಲಿಂದ ಒಂದೇ ಕೈಯಲ್ಲಿ ಸ್ಟೇರಿಂಗು ಹಿಡಿದು ಜೋರಾಗಿ ಬಂದ. ಅಂಗಳದ ಬಾಯಲ್ಲಿ ಬ್ರೇಕು ಒತ್ತಿದ. ಕಾರು ಚಕಾರವೆತ್ತದೆ, ತನ್ನ ಪಾಡಿಗೆ ತಾನು ಅಂಗಳ ದಾಟಿ, ಕುರಿಹಟ್ಟಿಯ ಮುಳ್ಳುಬೇಲಿಯೊಳಗೆ ನುಗ್ಗಿ ನಿಂತಿತು. ಕುರಿಗಳು ದಿಕ್ಕಾಪಾಲಾದವು, ಪುಣ್ಯಕ್ಕೆ ಒಂದಕ್ಕೂ ಪೆಟ್ಟಾಗಲಿಲ್ಲ. ಶಿವಾಜಿ ತಲೆಗೂದಲಿನ ಜಾಲಿಮುಳ್ಳು ಕೀಳುತ್ತ ಇಳಿದ.

“ಕುರಿ ಅಡ್ಡ ಬಂದ್ವು,” ಎಂದ.

“ಹೌದಪಾ,” ಎಂದ ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಜ್ಯೋತೆಪ್ಪ. “ಬೇಲಿನೂ ಎದ್ದು ಬಂದಿರಬೇಕು.”

ದುಂಡವ್ವ ಮಗನ ಕಡೆ ನೋಡಲೇ ಇಲ್ಲ. ಸೊಸೆಯ ಕೈ ಹಿಡಿದುಕೊಂಡಳು. ರೂಪಾಲಿ ಕೀಲಿಕೈ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿದಳು. ನಾಳೆ ಬೆಳಗಿನ ಬಸ್ಸಿಗೆ ಅವಳು ಅತ್ತೆಯನ್ನು ಮಿರಜಿಗೆ ಕರೆದುಕೊಂಡು ಹೋಗುತ್ತಾಳೆ.