ಶವರಿನ ಮೇಲೊಂದು ದೀಪ

ನನ್ನ ಗಂಡ ಆರಡಿ ಎತ್ತರದವರು. ಶಿರಸಿಯ ನಮ್ಮ ಮನೆಯ ಬಚ್ಚಲೋ, ಹಿಂದಿನ ಇಳಿಜಾರು ಮಾಡಿನ ಕೆಳಗೆ ಆಮೇಲೆ ಸೇರಿಸಿಕೊಂಡದ್ದು. ಹೆಂಚಿನ ಕಸ ಬೀಳಬಾರದೆಂದು ಹೊಡೆಸಿದ ಪ್ಲಾಸ್ಟಿಕ್ ಸೀಲಿಂಗು ಅವರು ಕೈ ಎತ್ತಿದರೆ ತಾಗುತ್ತಿತ್ತು. ಅಂಥಲ್ಲಿ ಶವರ್ ಬೇಕೆಂದು ಹಟ ಹಿಡಿದವರೂ ಅವರೇ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಶವರ್ ಬಂದ ನಾಲ್ಕನೇ ದಿನ ಬೆಳಿಗ್ಗೆ ಒಳಗೆ ಢಬ್ ಎಂದು ಸದ್ದಾಯಿತು.

ನಾನು ದೋಸೆ ಬಿಟ್ಟು ಓಡಿದೆ. "ಎಂತಾತು?"

"ಬಲ್ಬ್ ಒಡದೋತು. ಚೂರು ಬಿದ್ಕಂಡಿದ್ದು, ಕಾಲಿಡಲಾಗ್ತಿಲ್ಲೆ. ಚಪ್ಪಲಿ ತಗಂಬಾ," ಎಂದರು ಒಳಗಿನಿಂದ.

ಕಾದ ಬಲ್ಬಿಗೆ ತಣ್ಣೀರು ಸಿಡಿದಿತ್ತು. ಸೋಪಿನ ನೊರೆ ಮೈಮೇಲೆ, ಗಾಜು ಕಾಲಬುಡದಲ್ಲಿ, ತಲೆಯ ಮೇಲೆ ಕರೆಂಟು ಹರಿಯುತ್ತಿದ್ದ ಖಾಲಿ ಹೋಲ್ಡರು. ಮೊದಲು ಮೇನ್ ಸ್ವಿಚ್ ಆರಿಸಿದೆ, ಆಮೇಲೆ ಚಪ್ಪಲಿ ಕೊಟ್ಟೆ. ಎರಡು ನಿಮಿಷ ತಡವಾಯಿತೆಂದು ನನಗೇ ಬೈಗುಳ.

ನಮ್ಮ ಖಾಯಂ ಎಲೆಕ್ಟ್ರಿಷಿಯನ್ ಬನವಾಸಿ ಕಡೆಯವನು. ಬಂದು ನೋಡಿ, "ಬ್ಯಾರೆ ಬಲ್ಬ್ ಹಾಕ್ತೀನ್ರಿ ಅಕ್ಕಾರ, ಏನೂ ಆಗಂಗಿಲ್ಲ," ಎಂದ.

"ಏನೋ ಆಗಿದ್ದಕ್ಕೇ ಅಲ್ಲವೇನಪ್ಪಾ ನಿನ್ನನ್ನು ಕರೆದದ್ದು?"

"ಹಂಗಾರ ಸೀಲಿಂಗಿನ್ಯಾಗ ಹುದುಗಿಸಿ ಹಾಕೋಣ್ರಿ. ಈಗ ಅದ ಫ್ಯಾಶನ್." ಮಾರನೆಯ ದಿನ ಅವನು ತಂದ ದೀಪಕ್ಕೆ ಮುಂದೆ ಗಾಜಿರಲಿಲ್ಲ, ಹಿಂದೆ ಮುಚ್ಚಳವೂ ಇರಲಿಲ್ಲ. ಹಚ್ಚಿ ತೋರಿಸಿದಾಗ ಇಸ್ತ್ರಿಪೆಟ್ಟಿಗೆಯಂತೆ ಕಾಯಿತು. ಅದರ ಸುತ್ತ ಪ್ಲಾಸ್ಟಿಕ್ಕು, ಕೆಳಗೆ ನೀರು. ವಾಪಸು ಕಳಿಸಿದೆ. ಅಂದಿನಿಂದ ಮನೆಮಂದಿ ಕತ್ತಲಲ್ಲಿ ಬಾಗಿಲು ಅರ್ಧ ತೆರೆದು ಸ್ನಾನ ಮಾಡತೊಡಗಿದರು. ಅದಕ್ಕೂ ನಾನೇ ಕಾರಣಳಾದೆ.

ಸರಿಯಾದ ದೀಪ ಕಣ್ಣಿಗೆ ಬಿದ್ದದ್ದು ಯಲ್ಲಾಪುರದಲ್ಲಿ. ಮದುವೆಗೆ ಹೋದಾಗ ಇಳಿದುಕೊಂಡ ಹೊಸ ಲಾಡ್ಜಿನಲ್ಲಿ ಶವರಿನ ನೇರ ಮೇಲೆ, ಸೀಲಿಂಗಿನೊಳಗೆ, ದಪ್ಪ ಗಾಜು ಮುಚ್ಚಿದ ದೀಪವಿತ್ತು. ಗಾಜಿನ ಅಂಚಿಗೆ ರಬ್ಬರಿನ ಬಳೆ. ಮ್ಯಾನೇಜರರನ್ನು ಕರೆದೆ.

"ನೀರು ಬರ್ತಾ ಇಲ್ವಾ ಮೇಡಮ್?"

"ಬರ್ತಾ ಇದೆ. ನಾನು ನೋಡ್ತಾ ಇರೋದು ದೀಪ."

"ಈಗಲೇ ರೂಮ್ ಬದಲು ಮಾಡಿಸ್ತೇನೆ!"

ದೂರಲ್ಲ, ಹೊಗಳಿಕೆ ಎಂದು ಅವರಿಗೆ ಮನದಟ್ಟು ಮಾಡುವಷ್ಟರಲ್ಲಿ ಮುಹೂರ್ತವೇ ಮುಗಿದಿತ್ತು. ಕೊನೆಗೆ ಸ್ಟೋರ್ ರೂಮಿನಿಂದ ಅದರ ಖಾಲಿ ಡಬ್ಬಿ ಹುಡುಕಿಸಿ ಕೊಟ್ಟರು. ಮೇಲೆ ಹನ್ನೆರಡು ವೋಲ್ಟ್ ಎಂದೂ, ಐಪಿ ಅರವತ್ತೈದು ಎಂದೂ ಇತ್ತು. ಧೂಳು, ನೀರು ಒಳಗೆ ಹೋಗದಂತೆ ಎಷ್ಟು ಬಿಗಿಯಾಗಿದೆ ಎಂಬುದಕ್ಕೆ ಆ ಎರಡಂಕಿ ಎಂದು ಒಳಗಿನ ಚೀಟಿಯಲ್ಲಿ ಬರೆದಿತ್ತು.

ಶಿರಸಿಯ ಅಂಗಡಿಯಲ್ಲಿ, "ಐಪಿ ಇರೋದು ಬೇಕು," ಎಂದೆ.

"ಐಪಿ ಸೆಟ್ಟಾ? ಬಾವಿಗೋ, ಬೋರಿಗೋ? ಎಷ್ಟು ಎಚ್‌ಪಿ?"

"ಪಂಪಲ್ಲ, ಬಚ್ಚಲಿಗೆ ದೀಪ."

ಅಂಗಡಿಯವರು ನನ್ನನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿ, ಪಂಪು ಕೊಳ್ಳಲು ಬಂದ ಇನ್ನೊಬ್ಬರ ಕಡೆ ತಿರುಗಿದರು.

ಸಿದ್ದಾಪುರದ ಶಾಲೆಯಲ್ಲಿ ನನಗೆ ಕೆಲಸ. ಅಲ್ಲಿಯ ಅಂಗಡಿಯವನು ಮಾತ್ರ ಪಟಕ್ಕನೆ ಒಂದು ದೀಪ ತೆಗೆದಿಟ್ಟ. "ಪಕ್ಕಾ ವಾಟರ್‌ಪ್ರೂಫ್, ಟೀಚರೇ."

"ಒಂದು ಚೊಂಬು ನೀರು ಕೊಡಿ."

ಕುಡಿಯಲಿಕ್ಕೆಂದು ತಿಳಿದು ತಂದುಕೊಟ್ಟ. ದೀಪದ ಗಾಜಿನ ಮೇಲೆ ಹೊಯ್ದೆ. ನೀರು ಒಳಗಿಳಿದು, ಹಿಂದಿನ ವಯರಿನ ತೂತಿನಿಂದ ಕೌಂಟರಿನ ಮೇಲೆ ಧಾರೆಯಾಗಿ ಸುರಿಯಿತು. ಅವನ ಬಿಲ್ ಪುಸ್ತಕ ಒದ್ದೆಯಾಯಿತು. "ಹೀಂಗೆಲ್ಲ ನೀರು ಹಾಕಿದ್ರೆ ಯಾವುದು ತಡೀತದೆ?" ಎಂದು ಕೂಗಿದ. ಶವರಿನ ಕೆಳಗೆ ಮತ್ತೇನು ಹಾಕುತ್ತಾರೆ ಎಂದು ನಾನೂ ಕೂಗಿದೆ. ಬಸ್ಸಿನಲ್ಲಿ ಶಿರಸಿವರೆಗೂ ಸಿಟ್ಟು ಇಳಿಯಲಿಲ್ಲ.

ಮತ್ತೆ ಹೋಗಿ ಪಟ್ಟು ಹಿಡಿದ ಮೇಲೆ ಶಿರಸಿಯ ಅಂಗಡಿಯವರೇ ಮಾದರಿಗೆಂದು ಡಬ್ಬಿ ಇಟ್ಟುಕೊಂಡು ಹುಬ್ಬಳ್ಳಿಯಿಂದ ತರಿಸಿದರು. ಬರಲು ಮೂರು ವಾರ ಹಿಡಿಯಿತು. ಎಲೆಕ್ಟ್ರಿಷಿಯನ್ ಬಂದು ಸೀಲಿಂಗು ಕೊರೆದು, ಅರ್ಧ ಗಂಟೆಯಲ್ಲಿ ಆಯಿತೆಂದ. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಎಲ್ಲಿ ಎಂದು ಕೇಳಿದೆ. ಶವರಿನ ಮೇಲೆಯೇ, ಸೀಲಿಂಗಿನ ಬೆನ್ನಿಗೆ ಇಟ್ಟಿದ್ದ!

"ಮನೆಯ ಪೂರ್ತಿ ಕರೆಂಟನ್ನು ಅಲ್ಲಿಗೇ ಒಯ್ದರೆ ಹನ್ನೆರಡು ವೋಲ್ಟಿನ ದೀಪ ಯಾಕೆ ತಂದೆ ನಾನು?"

"ಹೊರಗ ಇಟ್ರ ಚಂದ ಕಾಣಂಗಿಲ್ರಿ."

ಚಂದ ಕಾಣದಿದ್ದರೂ ಪರವಾಗಿಲ್ಲವೆಂದು ಅದನ್ನು ಹೊರಗಿನ ಪಡಸಾಲೆಯ ಗೋಡೆಗೆ ಹಾಕಿಸಿದೆ. ಚೀಟಿಯಲ್ಲಿ ಹೇಳಿದಂತೆ, ಕರೆಂಟು ಸೋರಿದರೆ ತಾನೇ ಬೀಳುವ ಇಎಲ್‌ಸಿಬಿ ಸ್ವಿಚ್ಚನ್ನೂ ಮೀಟರಿನ ಪಕ್ಕ ಕೂರಿಸಿದ್ದಾಯಿತು.

ಅದು ಬಿದ್ದೇ ಬಿದ್ದಿತು. ಸಂಜೆ ಬಿತ್ತು, ಮಾರನೆಯ ಬೆಳಿಗ್ಗೆ ಎರಡು ಸಲ ಬಿತ್ತು. "ಆ ಹಾಳು ದೀಪ ತೆಗೆಸು," ಎಂದರು ಗಂಡ. ದೀಪ ಆರಿಸಿಯೇ ಇಟ್ಟು ನೋಡಿದೆವು; ಆಗಲೂ ಬಿತ್ತು. ಎಲೆಕ್ಟ್ರಿಷಿಯನ್ ಒಂದೊಂದಾಗಿ ಬಿಚ್ಚುತ್ತ ಹೋಗಿ ಬಚ್ಚಲಿನ ಹಳೆಯ ಗೀಸರಿನ ಮುಂದೆ ನಿಂತ. ಅದರ ಕಾಯಿಲ್ ಒಡೆದು ನೀರಿಗೆ ಕರೆಂಟು ಸೋರುತ್ತಿತ್ತು, ಅರ್ಥಿಂಗ್ ವಯರು ಎಂದೋ ತುಂಡಾಗಿತ್ತು.

ಪಡಸಾಲೆಯಲ್ಲಿ ಕೂತಿದ್ದ ಮಾವ ಪೇಪರು ಕೆಳಗಿಟ್ಟರು. "ಹಂಗಾರೆ ನಲ್ಲಿ ಮುಟ್ಟಿದ್ರೆ ಕೈ ಜುಂ ಹೇಳ್ತಿತ್ತಲೆ ತಂಗಿ, ಅದು ಕರೆಂಟಾ? ಆನು ನರದ ದೋಷ ಅಂದ್ಕಂಡಿದ್ದೆ."

ಎಷ್ಟು ದಿನದಿಂದ ಎಂದು ಕೇಳಿದೆ. ದೀಪಾವಳಿಯಿಂದ ಎಂದರು. ಅದಕ್ಕೆಂದು ಎರಡು ಬಾಟಲಿ ತೈಲ ತಿಕ್ಕಿಸಿಕೊಂಡಿದ್ದರಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಎಲೆಕ್ಟ್ರಿಷಿಯನ್ ಮೊದಲ ಬಾರಿಗೆ ಏನೂ ಆಗಂಗಿಲ್ಲ ಎನ್ನದೆ ಗೀಸರ್ ಕಳಚತೊಡಗಿದ.

ಹೊಸ ಗೀಸರ್ ಬಂತು, ಸ್ವಿಚ್ಚು ಬೀಳುವುದು ನಿಂತಿತು. ಭಾನುವಾರ ಗಂಡ ಹೊಸ ಬೆಳಕಿನಲ್ಲಿ ಮುಕ್ಕಾಲು ಗಂಟೆ ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತ ಹೊರಬಂದು, "ಇಷ್ಟು ಸಣ್ಣ ದೀಪಕ್ಕೆ ಎರಡು ತಿಂಗಳು ಬೇಕಾತಾ?" ಎಂದರು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚಿ, ನಾನೂ ಸ್ನಾನಕ್ಕೆ ಹೋಗಿ ಬಾಗಿಲು ಪೂರ್ತಿ ಹಾಕಿಕೊಂಡೆ.