ಪೀಣ್ಯದಿಂದ ಬೊಮ್ಮಸಂದ್ರಕ್ಕೆ, ಎರಡು ಸ್ಪೆಲಿಂಗ್ ಹೊತ್ತು

ಬುಧವಾರ ಬೆಳಗ್ಗೆ ಹತ್ತಕ್ಕೆ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಮೆಟ್ರೊ ಹತ್ತಿದೆ. ಚೀಲದಲ್ಲಿ ಆರು ಕೆಜಿ ತೂಗುವ ಉಕ್ಕಿನ ಗೇರು ಚಕ್ರ, ಅದು ಬಂದಿದ್ದ ಪೆಟ್ಟಿಗೆಯ ಮುಚ್ಚಳ. ತಪಾಸಣೆಯಲ್ಲಿದ್ದ ಹೆಂಗಸು ಚೀಲ ಬಿಚ್ಚಿಸಿ, ಯಂತ್ರದ ಭಾಗವೆಂದ ಮೇಲೆ ಒಳಗೆ ಬಿಟ್ಟಳು.

ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ತರಿಸುವವಳು. ರಬ್ಬರ್ ಅರೆಯುವ ನಮ್ಮ ಹಳೆಯ ಚೀನಾ ಯಂತ್ರ ನಿಂತು, ಅದರ ಮೇಲೆ ದುಡಿಯುವ ಎಂಟು ಮಂದಿ ಹನ್ನೆರಡು ದಿನದಿಂದ ಮನೆಯಲ್ಲಿದ್ದರು. ಯಂತ್ರದ ತಗಡಿನ ಮೇಲೆ Tsingtao ಎಂದಿತ್ತು. ಹಳೆಯ ಗೇರು ಸವೆಯತೊಡಗಿದಾಗಲೇ ನಾನು ಹೇಳಿ ತರಿಸಿದ ಹೊಸ ಗೇರಿನ ಪೆಟ್ಟಿಗೆಯ ಮೇಲೆ Qingdao. ಬೇರೆ ಊರಿನ ಮಾಲು, ಇವತ್ತು ಸಂಜೆಯೇ ವಾಪಸ್ ಕಳಿಸು ಎಂದು ಮಾಲೀಕರಾದ ರುದ್ರೇಗೌಡರು ಹೇಳಿಬಿಟ್ಟಿದ್ದರು. ಕಳಿಸಿದರೆ ಇನ್ನೊಂದು ಬರಲು ಎರಡು ತಿಂಗಳು. ಇಟ್ಟುಕೊಳ್ಳಿ ಎನ್ನಲು ನನಗೂ ಧೈರ್ಯವಿರಲಿಲ್ಲ. ಅದಕ್ಕೇ ಬಲ್ಲವರೊಬ್ಬರಿಗೆ ತೋರಿಸಿ ಬರುತ್ತೇನೆಂದು ಹೊರಟಿದ್ದೆ.

ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದೆ. ಹೆಬ್ಬಗೋಡಿ ದಾಟುವವರೆಗೂ ಎರಡು ಹೆಸರನ್ನೂ ಬಾಯಲ್ಲೇ ಹೇಳಿ ನೋಡಿದೆ. ಒಂದಕ್ಕೊಂದು ಹೊಂದಲಿಲ್ಲ.

ಬೊಮ್ಮಸಂದ್ರದಲ್ಲಿ ಬಿಸಿಲು ಜೋರಾಗಿತ್ತು. ಯಂತ್ರ ರಿಪೇರಿಯ ಬಸವರಾಜ್ ದಾವಣಗೆರೆ ಕಡೆಯವರು, ಚೀನಾದಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವರು. ಮುಚ್ಚಳ ನೋಡಿ, ಎರಡೂ ಒಂದೇ ಊರು ಎಂದರು. ಮೊದಲನೆಯದು ಹಿಂದಿನ ಕಾಲದ ಅಂಚೆಯವರು ಬಳಸುತ್ತಿದ್ದ ಸ್ಪೆಲಿಂಗ್, ಎರಡನೆಯದು ಆಮೇಲೆ ಚೀನಾದವರೇ ಮಾಡಿಕೊಂಡದ್ದಂತೆ. ಹಾಗಾದರೆ ಟಿ ಹೇಗೆ ಡಿ ಆಯಿತೆಂದು ಕೇಳಿದೆ. ಅವರು ಅಲ್ಲಿನ ಗೆಳೆಯನಿಗೆ ಫೋನ್ ಹಚ್ಚಿ, ಊರಿನ ಹೆಸರು ಹೇಳಿಸಿದರು. ನನಗೆ ಕೇಳಿಸಿದ್ದು ಟಿಯೂ ಅಲ್ಲ, ಡಿಯೂ ಅಲ್ಲ.

"ಇಂಗ್ಲಿಷ್ ಬಿಡ್ರೀ ಮೇಡಂ. ಕೇಳಿದಂಗೆ ಕನ್ನಡದಾಗ ಬರೀರಿ," ಎಂದರು.

ಮುಚ್ಚಳದ ಮೇಲೆ 'ಛಿಂಗ್‌ತಾವ್' ಎಂದು ಬರೆದೆ. ನಮ್ಮ ಅಕ್ಷರಕ್ಕೆ ಅದು ಸಲೀಸಾಗಿ ಕೂತಿತು. ಬಸವರಾಜ್ ಗೇರಿನ ಹಲ್ಲುಗಳನ್ನು ಎಣಿಸಿ, ನಾನು ಬರೆದು ತಂದಿದ್ದ ಹಳೆಯ ಗೇರಿನ ಅಳತೆಗೆ ಹಿಡಿದು ನೋಡಿ, ಸರಿಯಿದೆ ಎಂದರು. ಆಮೇಲೆ, ಚೀನಾದ ಇನ್ನೊಂದು ಊರು ಕ್ಯಾಂಟನ್ ಅನ್ನುವುದು ಮಾತ್ರ ಬೇರೆ ಕಥೆ, ಪ್ರಾಂತ್ಯದ ಹೆಸರನ್ನು ಪರದೇಶದವರು ಊರಿಗೆ ಅಂಟಿಸಿದ್ದು ಎಂದು ಶುರುಮಾಡಿದರು. ತಲೆ ಮತ್ತೆ ಗಿರ್ರೆಂದಿತು. ಕಾಫಿ ಕುಡಿದು ಹೊರಟೆ.

ನಾಲ್ಕರ ಹೊತ್ತಿಗೆ ಪೀಣ್ಯ ಸೇರಿದೆ. ಗೌಡರು ಯಂತ್ರದ ಪಕ್ಕದಲ್ಲೇ ಕುಳಿತಿದ್ದರು. ಯಾವ ಊರಿನದೆಂದು ಗೊತ್ತಾಯಿತೇ ಎಂದು ಕೇಳಿದರು.

"ಛಿಂಗ್‌ತಾವ್, ಸಾರ್. ಹಲ್ಲು, ಅಳತೆ ಎಲ್ಲ ಸರಿಯಿದೆಯಂತೆ."

ಅವರು ತಗಡು ನೋಡಿದರು, ಮುಚ್ಚಳ ನೋಡಿದರು, ನನ್ನನ್ನು ನೋಡಿದರು.

"ಇದು ಮೂರ್ನೇ ಊರಾಯ್ತಲ್ಲಮ್ಮ," ಎಂದು ಎದ್ದು, ಗೇರು ಕೂರಿಸಲು ಸ್ಪ್ಯಾನರ್ ಕೈಗೆತ್ತಿಕೊಂಡರು.