ಫ್ಲೈಓವರ್ ಕೆಳಗಿನ ತೂತು

ಮೊನ್ನೆ ಅಡುಗೆಮನೆ ಕಪಾಟು ಮಾಡಲು ಬಂದ ಬಡಗಿ ಪ್ಲೈವುಡ್ ಕೊಯ್ದು, ಬಿಳಿ ಗೋಂದು ಬಳಿದು, ಒಣಗಲಿ ಅಂತ ಬಿಟ್ಟು ಊಟಕ್ಕೆ ಹೋದ. ಮನೆ ತುಂಬ ಮರದ ಹೊಟ್ಟು, ಹಸಿ ಗೋಂದಿನ ವಾಸನೆ. ಎಲೆಕ್ಟ್ರಾನಿಕ್ ಸಿಟಿಯ ಈ ಫ್ಲಾಟಿನಲ್ಲಿ ನಿಂತವಳಿಗೆ ಕಾಡುಗೋಡಿಯ ಒಂದು ಹಜಾರ ನೆನಪಾಯಿತು. ಅಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು. ಮದುವೆಗೆ ಮುಂಚೆ ನಾನು ಬಾಡಿಗೆಗಿದ್ದ ಮನೆಯ ಓನರ್ ಅಂಕಲ್ ಹಜಾರ ಅದು.

ಅಂಕಲ್ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ರಿಟೈರ್ ಆದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಕೆಳಗೆ ಅವರು ಮತ್ತು ಅವರ ತಾಯಿ, ಮೇಲಿನ ರೂಮಿನಲ್ಲಿ ನಾನು. ಮನೆ ನೋಡಲು ಹೋದ ದಿನ ನೀರು ಸರಿಯಾಗಿ ಬರುತ್ತಾ ಅಂತ ನಾನು ಕೇಳಿದರೆ, ಅವರು “ರೈಲು ನೋಡ್ತೀಯೇನಮ್ಮ?” ಅಂದರು. ಯಾವ ಮನುಷ್ಯನಪ್ಪಾ ಇದು ಅಂದುಕೊಂಡೇ ಒಳಗೆ ಹೋದೆ.

ಹಜಾರದ ಉದ್ದಕ್ಕೂ ಮೇಜು. ಅದರ ಮೇಲೆ ಸ್ಟೇಷನ್ನು, ಹಳಿ, ಗೇಟು, ಎಳನೀರಿನ ಗಾಡಿ. ಜರಡಿ ಹಿಡಿದ ಜಲ್ಲಿಪುಡಿ ಹಳಿಯ ಕೆಳಗೆ, ಹಸಿರು ಬಣ್ಣ ಕಲಸಿದ ಮರದ ಹೊಟ್ಟೇ ಹುಲ್ಲು, ಪೊರಕೆ ಕಡ್ಡಿಯ ನೀಲಗಿರಿ ಮರಗಳು. ಅಂಗೈಯಷ್ಟುದ್ದದ ಡಬ್ಬಿಗಳನ್ನು ಎಳೆದುಕೊಂಡು ಒಂದು ಗೂಡ್ಸ್ ರೈಲು ಹೊರಟು, ಫ್ಲೈಓವರ್ ಕೆಳಗೆ ನುಗ್ಗಿ ಮಾಯವಾಯಿತು. ಎಲ್ಲಿ ಹೋಯಿತು ಅಂತ ಬಗ್ಗಿ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ಹಳಿಯಲ್ಲಿ ವಾಪಸ್ ಬಂತು.

ಅದು ಹೋಗಿದ್ದು ಪಕ್ಕದ ಮನೆಗೆ. ಅಂಕಲ್‌ಗೆ ಒಬ್ಬ ತಮ್ಮ. ಒಂದೇ ಮನೆ, ಒಂದೇ ಹಜಾರ, ಇಬ್ಬರೂ ಸೇರಿ ಕಟ್ಟಿದ ರೈಲು. ಯಾವುದೋ ಮದುವೆ ಮಾತುಕತೆಯಲ್ಲಿ ಮಾತಿಗೆ ಮಾತು ಬೆಳೆದು, ಒಬ್ಬರ ಹೊಸ್ತಿಲು ಒಬ್ಬರು ತುಳಿಯಲ್ಲ ಅಂತ ದೇವರ ಮುಂದೆ ಆಣೆ ಇಟ್ಟುಕೊಂಡರಂತೆ. ಪಾತ್ರೆ ಪಗಡಿ ಪಾಲಾಯಿತು, ಹಜಾರದ ನಡುವೆ ಗೋಡೆ ಎದ್ದಿತು. ಆಗ ತಾಯಿ, ಅಂದರೆ ನಾನು ಅಜ್ಜಿ ಅನ್ನುತ್ತಿದ್ದವರು, ಒಂದೇ ಮಾತು ಹೇಳಿದರಂತೆ: “ಗೋಡೆ ಕಟ್ಕೊಳ್ಳಿ, ರೈಲಿಗೆ ದಾರಿ ಬಿಡಿ.” ಮೇಸ್ತ್ರಿ ಗೋಡೆಯಲ್ಲಿ ತೂತು ಬಿಟ್ಟ. ಆ ಕಡೆ ತಮ್ಮನ ಮನೆಯಲ್ಲಿ ಹಳಿ ಒಂದು ಸುತ್ತು ಹಾಕಿ ಇದೇ ತೂತಿನಿಂದ ಮರಳುತ್ತಿತ್ತು.

ಮಂಡಿನೋವಿನ ಅಜ್ಜಿಗೆ ಮನೆ ಮುಂದಿನ ಮೆಟ್ಟಿಲು ಇಳಿದು ಬೀದಿಗೆ ಹೋಗಲು ಆಗುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಚೂರು ಕೊಬ್ಬರಿ ಬೆಲ್ಲವನ್ನು ರೈಲಿನ ಡಬ್ಬಿಯಲ್ಲಿಟ್ಟು ಚಿಕ್ಕ ಮಗನಿಗೆ ಕಳಿಸುವರು. ಅವರು ಅದನ್ನು ತೆಗೆದುಕೊಂಡು ಎರಡು ಲವಂಗ ಇಟ್ಟು ಕಳಿಸುವರು. ಅಜ್ಜಿ ಲವಂಗ ಬಾಯಿಗೆ ಹಾಕಿಕೊಂಡು, “ಮುಟ್ತು” ಅನ್ನುವರು. ತಾಯಿಗೂ ಮಗನಿಗೂ ಉಳಿದಿದ್ದ ಸಂಬಂಧ ಅಷ್ಟೇ.

ಮನೆ ಪಾಲಾಗಿದ್ದನ್ನು ನೆನಪಿಸುವ ಆ ಗೋಡೆಯ ತೂತು ದಿನಾ ತಾಯಿಯ ಕಣ್ಣಿಗೆ ಬೀಳಬಾರದು ಅಂತ ಅಂಕಲ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಸುರಂಗ ಮಾಡಬಹುದಿತ್ತಲ್ಲ ಅಂದೆ. “ಕಾಡುಗೋಡೀಲಿ ಗುಡ್ಡ ಎಲ್ಲಿದೆಯಮ್ಮ? ನಮ್ಮೂರಲ್ಲಿ ಏನನ್ನಾದ್ರೂ ಮುಚ್ಚಿಡ್ಬೇಕು ಅಂದ್ರೆ ಫ್ಲೈಓವರೇ ಸರಿ,” ಅಂದರು. ಫ್ಲೈಓವರ್ ನೆರಳು ತೂತಿನ ಮೇಲೆ ಬೀಳುವ ಹಾಗೆ ಬಲ್ಬು. ತೂತಿನ ಒಳಗೆಲ್ಲ ಕಪ್ಪು ಬಣ್ಣ. ಗೋಡೆಯ ಮೂಲೆ ಕಾಣದಂತೆ ರಟ್ಟು ಬಾಗಿಸಿ ಬಳಿದ ಆಕಾಶ. ಅಷ್ಟೆಲ್ಲ ಮಾಡಿ, ಫ್ಲೈಓವರ್ ಮೇಲೆ ಟೈರ್ ಪಂಕ್ಚರ್ ಆಗಿ ನಿಂತ ಒಂದು ಕೆಂಪು ಲಾರಿ. “ತೂತು ಮುಚ್ಚೋದಲ್ಲ ಕಣಮ್ಮ, ನೋಡೋರ ಕಣ್ಣನ್ನ ಬೇರೆ ಕಡೆ ಕಳಿಸೋದು.” ನಿಜಕ್ಕೂ, ಬಂದವರೆಲ್ಲ ಲಾರಿಯನ್ನೇ ನೋಡುತ್ತಿದ್ದರು.

ಒಂದು ಸಂಕ್ರಾಂತಿ ಕಳೆದ ಮೇಲೆ, ಅಜ್ಜಿ ಮಲಗಿದ್ದ ಹೊತ್ತಿನಲ್ಲಿ ಅಂಕಲ್ ಬರೀ ಇಂಜಿನ್ ಬಿಟ್ಟು ನೋಡುತ್ತಿದ್ದರು. ಫ್ಲೈಓವರ್ ಕೆಳಗೆ ಹೋಗಿದ್ದೇ ಚಕ್ರ ಗಿರ್ರ್ ಅಂದು ನಿಂತಿತು. ಟಾರ್ಚ್ ಬಿಟ್ಟರೆ ಹಸಿ ಸಿಮೆಂಟು. ತಮ್ಮ ಆ ಕಡೆಯಿಂದ ತೂತು ಮುಚ್ಚಿಬಿಟ್ಟಿದ್ದರು.

ಹೋಗಿ ಕೇಳಿ ಅಂಕಲ್ ಅಂದೆ.

“ನಾನ್ಯಾಕೆ ಕೇಳ್ಲಿ? ಮುಚ್ಚಿದೋನು ಅವನು. ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಎದೆ ಒಡ್ಕೊಂಡ್ಬಿಡ್ತಾಳೆ.”

ಮೋಟಾರು ಕೆಟ್ಟಿದೆ ಅಂತ ತಾಯಿಗೆ ಸುಳ್ಳು ಹೇಳಿ ಕೆಲಸಕ್ಕೆ ಕೂತರು. ಫ್ಲೈಓವರನ್ನು ಗೋಡೆಯಿಂದ ಮುಂದಕ್ಕೆ ತಂದು, ಅದರ ಹಿಂದೆ ನಮ್ಮ ಕಡೆಯಲ್ಲೇ ಹಳಿ ಸುತ್ತು ಹಾಕಿ ಮರಳುವಂತೆ ಮಾಡಿದರು. ಆ ಸುತ್ತಿನ ಮೇಲೆ ಒಂದು ಟೆಕ್ ಪಾರ್ಕ್ ಎಬ್ಬಿಸಿದರು. ಕಾರಿನ ಕಿಟಕಿಗೆ ಅಂಟಿಸುವ ಕಪ್ಪು ಹಾಳೆಯ ಗಾಜು. ಒಳಗೇನು ನಡೆಯುತ್ತಿದೆ ಅಂತ ಹೊರಗಿನವರಿಗೆ ತಿಳಿಯುವಂತಿಲ್ಲ. ಒಳಗೆ ಓರೆಯಾದ ಒಂದು ತಗಡು, ಡಬ್ಬಿಯಲ್ಲಿದ್ದ ಬೆಲ್ಲವನ್ನು ತಟ್ಟೆಗೆ ಕೆಡವುತ್ತಿತ್ತು. ಮುಂದೆ ಒಂದು ಪುಟ್ಟ ಆಲಿಕೆ, ಎರಡು ಲವಂಗ ಉದುರಿಸುತ್ತಿತ್ತು. ತಮ್ಮನ ಮನೆಗೆ ಹೋಗಿ ಬಂದಷ್ಟೇ ಹೊತ್ತು ರೈಲು ಒಳಗೆ ಕಾಯುತ್ತಿತ್ತು. ಟೂಲ್ ರೂಮಿನ ತಲೆ, ಕೇಳಬೇಕೇ! ನಾನು ಎಲ್ಲ ಬಲ್ಲವಳು, ನನಗೇ ರೈಲು ಗೋಡೆ ದಾಟಿ ಹೋಯಿತು ಅನಿಸುತ್ತಿತ್ತು.

ಅಜ್ಜಿ ಟೆಕ್ ಪಾರ್ಕ್ ನೋಡಿ, “ಇಲ್ಲೂ ಎದ್ಬಿಡ್ತಾ?” ಅಂದರು. ಅಷ್ಟೇ. ನಮ್ಮ ಕಡೆ ಅಂಥದ್ದಕ್ಕೆಲ್ಲ ಯಾರೂ ಆಶ್ಚರ್ಯಪಡುವುದಿಲ್ಲ.

ಸಂಜೆ ಸಂಜೆ ಬೆಲ್ಲ ಹೋಯಿತು, ಲವಂಗ ಬಂತು. “ಮುಟ್ತು” ಅಂದರು ಅಜ್ಜಿ. ತಟ್ಟೆಯನ್ನು ಅಂಕಲ್ ದಿನಾ ತಪ್ಪದೆ ತೆಗೆದು ತೊಳೆಯುತ್ತಿದ್ದರು. ಆದರೆ ಯುಗಾದಿ ಮುಗಿದು ಬಿಸಿಲು ಏರಿತು. ಬಲ್ಬಿನ ಕಾವಿಗೆ ಬೆಲ್ಲ ಕರಗಿ ಪ್ಲೈವುಡ್ ಸಂದಿಗೆ ಇಳಿದಿದ್ದು ಅವರಿಗೆ ಗೊತ್ತಾಗಲಿಲ್ಲ. ನೆರಳು ಲೆಕ್ಕ ಹಾಕಿದವರು, ಬಣ್ಣ ಲೆಕ್ಕ ಹಾಕಿದವರು, ಇರುವೆ ಲೆಕ್ಕ ಹಾಕಿರಲಿಲ್ಲ.

ಒಂದು ಭಾನುವಾರ ನಾನೂ ಕೆಳಗೇ ಇದ್ದೆ. ಹಳಿಯ ಪಕ್ಕದಲ್ಲಿ ಕೆಂಜಿರುವೆಯ ಸಾಲು, ನೇರ ಟೆಕ್ ಪಾರ್ಕ್ ಒಳಕ್ಕೆ. ಅಜ್ಜಿ ಮೊದಲು ನಕ್ಕರು, ಇವೂ ಡ್ಯೂಟಿಗೆ ಹೊರಟವಾ ಅಂತ. ಆಮೇಲೆ ನಗು ನಿಂತಿತು. ಕೋಲಿನಿಂದ ಗಾಜಿನ ಕಟ್ಟಡವನ್ನು ಪಕ್ಕಕ್ಕೆ ತಳ್ಳಿದರು. ಸುತ್ತು ಹೊಡೆದ ಹಳಿ, ತಗಡು, ಆಲಿಕೆಯಲ್ಲಿ ಲವಂಗ, ಹಿಂದೆ ಮುಚ್ಚಿದ ಗೋಡೆ... ಎಲ್ಲ ಕಂಡಿತು.

“ಯಾವತ್ತಿಂದ ದೊಡ್ಡೋನೆ?”

“ಸಂಕ್ರಾಂತಿಯಿಂದಮ್ಮ. ನೀನು ನೊಂದ್ಕೋತೀಯ ಅಂತ...”

“ಗೊತ್ತಿದ್ದಿದ್ರೆ ಕೂಗ್ತಿದ್ನಲ್ಲೋ!” ಅಂದರು ಅಜ್ಜಿ. ಅಳಲಿಲ್ಲ, ಸಿಟ್ಟಾಗಿದ್ದರು. ಕೋಲು ಎತ್ತಿ ಗೋಡೆಗೆ ಬಡಿದರು. “ಚಿಕ್ಕೋನೇ! ಲೋ ಚಿಕ್ಕೋನೇ!” ಆ ಮುದಿ ಗಂಟಲಲ್ಲಿ ಅಂಥ ಧ್ವನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

ತಮ್ಮ ಬೀದಿ ಬಳಸಿಕೊಂಡು ಓಡಿ ಬಂದರು. ಲುಂಗಿಯಲ್ಲೇ, ಕಾಲಿಗೆ ಚಪ್ಪಲಿಯೂ ಇಲ್ಲ. ಹೊಸ್ತಿಲು, ಆಣೆ ಯಾವುದೂ ನೆನಪಿದ್ದ ಹಾಗೆ ಕಾಣಲಿಲ್ಲ. ತಾಯಿ ಹೋಗೇಬಿಟ್ಟಳು ಅಂದುಕೊಂಡಿದ್ದರೇನೋ, ಅವರನ್ನು ಕಂಡದ್ದೇ ನೆಲದ ಮೇಲೆ ಕುಸಿದು ಕೂತರು.

“ಬೆಲ್ಲ ಯಾಕೋ ಬೇಡವಾಯ್ತು ನಿಂಗೆ?” ಅಂದರು ಅಜ್ಜಿ.

“ನೀನೆಲ್ಲಿ ಕಳಿಸ್ದೆ? ಗೋಡೆಯಾಚೆ ದಿನಾ ರೈಲು ಓಡೋ ಸದ್ದು ಕೇಳ್ತಿತ್ತು. ನನ್ನ ಬಿಟ್ಟು ನೀವೇ ಓಡಿಸ್ಕೊಂಡಿದೀರ, ಅಮ್ಮಂಗೆ ನಾನು ಬೇಡವಾದೆ ಅಂದ್ಕೊಂಡೆ.”

“ತೂತು ಮುಚ್ಚಿದ್ದು ಯಾರೋ ಮತ್ತೆ?” ಅಂದರು ಅಂಕಲ್.

“ಇಲಿ ಬರ್ತಿತ್ತು ಕಣಣ್ಣ. ಅಕ್ಕಿ ಮೂಟೆ ಕಡಿದಾಕ್ತು. ಎರಡು ದಿನದ ಮಟ್ಟಿಗೆ ಅಂತ ಸಿಮೆಂಟ್ ಮೆತ್ತಿದೆ. ನೀನು ಬಂದು ಬೈತೀಯ, ಆಮೇಲೆ ಇಬ್ರೂ ಸೇರಿ ಒಂದು ಜಾಲರಿ ಬಾಗ್ಲು ಮಾಡೋಣ ಅಂದ್ಕೊಂಡಿದ್ದೆ. ನೀನು ಬೈಲೇ ಇಲ್ಲ.”

ಅಜ್ಜಿ ಅಷ್ಟು ದಿನದ ಬೆಲ್ಲವನ್ನು ಒಟ್ಟಿಗೆ ತಿನ್ನಿಸುವವರ ಹಾಗೆ ಡಬ್ಬ ತರಿಸಿ ಚಿಕ್ಕ ಮಗನ ಬಾಯಿಗೆ ತುರುಕಿದರು. ನನಗೂ ಒಂದು ಚೂರು ಸಿಕ್ಕಿತು.

ಮರುದಿನ ಅಣ್ಣ ತಮ್ಮ ಸೇರಿ ಗೋಡೆ ಒಡೆದು ದಾರಿ ಬಿಡಿಸಿದರು, ಜಾಲರಿ ಬಾಗಿಲನ್ನೂ ಕೂರಿಸಿದರು. ಆದರೆ ಅಜ್ಜಿ ಬಹಳ ದಿನ ಉಳಿಯಲಿಲ್ಲ. ಆಷಾಢದಲ್ಲಿ ಹೋದರು. ಇಬ್ಬರೂ ಮಕ್ಕಳು ಹತ್ತಿರವಿದ್ದರು, ಆ ಮಟ್ಟಿಗೆ ಪುಣ್ಯವಂತೆ.

ನನ್ನ ಮದುವೆ ಗೊತ್ತಾಗಿ ರೂಮು ಖಾಲಿ ಮಾಡುವಾಗ ಅಂಕಲ್ ಆ ಟೆಕ್ ಪಾರ್ಕನ್ನು ಒರೆಸುತ್ತ ಕೂತಿದ್ದರು. ಅದನ್ನಿನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಬಿಸಾಡಿ ಅಂದೆ. “ನನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಇನ್ನೊಂದು ಕೆಲಸ ಮಾಡಿಲ್ಲಮ್ಮ,” ಅಂದರು. ಗಾಜನ್ನು ಮತ್ತೊಮ್ಮೆ ಒರೆಸಿ, “ಕೆಟ್ಟದಾಗಿ ಮಾಡಿದ್ದಿದ್ರೆ ಅಮ್ಮಂಗೆ ಮೊದಲ ದಿನವೇ ಕಾಣ್ತಿತ್ತು,” ಅಂದರು. ಸೂಟ್‌ಕೇಸ್ ಎತ್ತಿಕೊಂಡು ಬಂದೆ.

ಹೋದ ವರ್ಷ ತಮ್ಮ ಫೋನ್ ಮಾಡಿ, ಅಣ್ಣ ಹೋದ ಅಂದರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ನೆನೆದರೆ ನನಗೆ ದುಃಖಕ್ಕಿಂತ ಸಿಟ್ಟೇ ಮುಂದೆ ಬರುತ್ತದೆ. ಅಷ್ಟು ಬುದ್ಧಿ, ಅಷ್ಟು ಕೈಚಳಕ. ಎದ್ದು ಹೋಗಿ ಪಕ್ಕದ ಬಾಗಿಲು ತಟ್ಟಿ, “ಯಾಕೋ ಮುಚ್ಚಿದೆ?” ಅಂತ ಒಂದು ಮಾತು ಕೇಳಲಾಗಲಿಲ್ಲವೇ ಅಂಕಲ್? ಚೆನ್ನಾಗಿ ಬೈಯಬೇಕು ಅನಿಸುತ್ತದೆ... ಬೈಯೋಣ ಅಂದರೆ ಅವರಿಲ್ಲ.